ಬಾಣಂತಿಗೆ ನೀರು ಕುಡಿಸಿದ್ದು

ಆ ಊರಿನಲ್ಲಿ ನಾನು ಮಾಡಿದ ಮೊದಲ ಚಹಾ ಕಣ್ಣೆದುರೇ ಒಡೆದುಹೋಯಿತು. ಹಾಲು ಕೆಟ್ಟಿರಲಿಲ್ಲ. "ಅಯ್ಯ, ಇದು ಬೋರಿನ ಸವಳು ನೀರ್ರಿ ಬಾಯಾರ! ಚಾಕ್ಕ ಕೆರಿ ನೀರು ಬೇಕು" ಎಂದು ಪಕ್ಕದ ಮನೆಯಾಕೆ ನಕ್ಕಳು. ಕುಡಿಯಲು ಒಂದು ನೀರು, ತೊಳೆಯಲು ಇನ್ನೊಂದು! ನಾನೋ ಅಂಗಳದಲ್ಲೇ ಸಿಹಿನೀರಿನ ಬಾವಿಯಿದ್ದ ಕುಂದಾಪುರದವಳು. ಎಂಬತ್ತರ ದಶಕದಲ್ಲಿ ನವಲಗುಂದದ ಕಡೆಯ ಆಸ್ಪತ್ರೆಯೊಂದಕ್ಕೆ ನರ್ಸಾಗಿ ಬಂದಿದ್ದೆ.

ಮಂಗಳೂರಿನಲ್ಲಿ ಕಲಿಯುವಾಗ ಚುರುಕು ಹುಡುಗಿ ಎಂಬ ಹೆಸರಿತ್ತು. ಇಲ್ಲಿ ಅನುಮಾನ ಹತ್ತಿತು. ಅಲ್ಲಿ ಕೈ ಚಾಚಿದರೆ ಕಪಾಟಿನ ತುಂಬ ಸಲೈನ್ ಬಾಟಲಿ, ಬೆನ್ನ ಹಿಂದೆ ಹಿರಿಯ ಸಿಸ್ಟರ್. ನನ್ನ ಜಾಣತನದಲ್ಲಿ ನನ್ನದೆಷ್ಟು, ಆ ಕಪಾಟಿನದೆಷ್ಟು?

ಉತ್ತರ ಬೇಗ ಬೇಕಾಯಿತು. ಶಲವಡಿಯ ಹಸಿ ಬಾಣಂತಿ ಶಾಂತವ್ವ ವಾಂತಿಭೇದಿಯಿಂದ ಬತ್ತಿಹೋಗಿದ್ದಳು. ಸಲೈನ್ ಮುಗಿದಿತ್ತು, ತರಲು ಡಾಕ್ಟರು ಹುಬ್ಬಳ್ಳಿಗೆ ಹೋಗಿದ್ದರು. ಅವರು ಬರುವವರೆಗೆ ಬಾಯಿಂದ ನೀರು ಇಳಿಯದಿದ್ದರೆ ಅವಳು ಉಳಿಯುತ್ತಿರಲಿಲ್ಲ. ಅವಳ ಅತ್ತೆ ಗಂಗವ್ವ ನನ್ನ ಲೋಟಕ್ಕೆ ಕೈ ಅಡ್ಡ ಹಿಡಿದಳು.

"ಹಸೀ ಬಾಣಂತಿಗೆ ನೀರು ಕೊಟ್ರ ಮೈ ಬಾವು ಬರತೈತ್ರಿ. ನಾ ಒಲ್ಲೆ."

ಪಾಠದಲ್ಲಿದ್ದುದನ್ನೆಲ್ಲ ಒದರಿದೆ. ಸಿಟ್ಟೂ ಮಾಡಿದೆ. ಅವಳು ಮಗನತ್ತ ತಿರುಗಿ, "ಚಕ್ಕಡಿ ಹೂಡಲೇ, ಮನೀಗೆ ಹೋಗೂಣು" ಎಂದಳು. ನಾನು ಲೋಟ ಕೆಳಗಿಟ್ಟೆ.

"ಆಯ್ತು, ನೀರು ಬೇಡ. ಮತ್ತೆ ಬಾಣಂತಿಗೆ ಏನು ಕೊಡ್ತೀರಿ?"

"ಅಜಿವಾನದ ಕಷಾಯರಿ. ಒಂದೀಟು."

ಕಿಟ್ಲಿ ತುಂಬ ಕೆರೆ ನೀರು ಕುದಿಸಿದೆ. ಅಳತೆಯ ಸಕ್ಕರೆ, ಉಪ್ಪು. ಮೇಲೆ ಪರಿಮಳಕ್ಕಷ್ಟು ಅಜವಾನ. ಗಂಗವ್ವ ರುಚಿ ನೋಡಿ ನನ್ನನ್ನೇ ದಿಟ್ಟಿಸಿದಳು.

"ನಿಮ್ಮ ಕಷಾಯ ಅಗದಿ ತೆಳ್ಳಗೈತಲ್ರಿ ಬಾಯಾರ."

"ನಮ್ಮ ಕಡೆ ಹೀಗೇ ಮಾಡೋದು."

"ಭಾಳ ಶಾಣ್ಯಾರದೀರಿ" ಎಂದವಳೇ ತಾನೇ ಚಮಚ ಹಿಡಿದು ಸೊಸೆಗೆ ಕುಡಿಸತೊಡಗಿದಳು. ನನ್ನ ಆಟ ಅವಳಿಗೆ ತಿಳಿದಿತ್ತು. ಆದರೂ ಕಿಟ್ಲಿ ಖಾಲಿಯಾಗುವವರೆಗೆ ಬಿಡಲಿಲ್ಲ.

ಸಂಜೆಗೆ ಶಾಂತವ್ವ ಮೂತ್ರ ಮಾಡಿದಳು; ಬತ್ತಿದ ಮೈಗೆ ನೀರು ಹತ್ತಿತ್ತು. ನರ್ಸಾದವಳಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಸಂತೋಷಕ್ಕೆ ಅಳುವೇ ಬಂತು.

ಆ ಬೇಸಿಗೆ ಕೆರೆ ತಳ ಕಂಡಾಗ ಸವಳು ನೀರನ್ನೇ ಕುಡಿಯಲು ಕಲಿತೆ. ಆಮೇಲೆ ರಜೆಯಲ್ಲಿ ಊರಿಗೆ ಹೋದೆ. ಅಲ್ಲಿ ತಂಗಿ ಬಾಣಂತಿ. ಅವಳು ನೀರು ಕೇಳಿದರೆ ನನ್ನ ಕೈ ತಾನಾಗಿ ಅಜವಾನದ ಡಬ್ಬಿ ಹುಡುಕಿತು.

"ನೀನ್ ಯಾವೂರಿನವ್ಳು ಮಾರಾಯ್ತಿ?" ಅಮ್ಮ ನಕ್ಕಳು.

ನಾನೂ ನಕ್ಕೆ. ವರ್ಷವಿಡೀ ನೆನೆಸಿಕೊಂಡಿದ್ದ ಬಾವಿಯ ನೀರನ್ನು ಸೇದಿ ಬೊಗಸೆ ತುಂಬ ಕುಡಿದೆ. ಸಪ್ಪೆ ಎನಿಸಿತು. ಅಮ್ಮನಿಗೆ ಹೇಳಲಿಲ್ಲ.