ಮುಚ್ಚಿದರೂ ಮುಗಿಯದ್ದು

ಕಂಪ್ಯೂಟರ್ ರಿಪೇರಿಗೆಂದು ಬನಹಟ್ಟಿಯ ಸೀರೆ ಡಿಸೈನ್ ಅಂಗಡಿಗೆ ಹೋದರೆ, ಮಾಲೀಕ ಸಂಗಪ್ಪನವರು ಕಂಪ್ಯೂಟರನ್ನು ಬಿಟ್ಟು ಅದರ ಮುಂದೆ ಕೂತಿದ್ದ, ಡಿಸೈನ್ ಮಾಡುವ ಕಸ್ತೂರಿಯನ್ನು ತೋರಿಸಿದರು. "ಈಕಿ ಮಷೀನ್ ಕೆಡಿಸ್ಯಾಳ್ರಿ. ನಾಳಿಂದ ಬ್ಯಾರೇದವರನ್ನ ಕರಸ್ತೇನಿ."

ಕಸ್ತೂರಿಯ ಕಣ್ಣು ತುಂಬಿತ್ತು. "ಕೆಲಸ ಆದಮ್ಯಾಲೆ ಎಲ್ಲಾ ಮುಚ್ಚೇನ್ರೀ ಸರ್. ಆದ್ರೂ ಹೊಸಾ ಸೆರಗಿನ ಡಿಸೈನ್ ತೆರಿಯಾಕ ಹೋದ್ರ ಮೆಮರಿ ಸಾಲೂದಿಲ್ಲ ಅಂತೈತಿ."

ಪರದೆಯೇನೋ ಖಾಲಿಯಾಗಿತ್ತು. ಮೂಲೆಯ ಪಟ್ಟಿ ಒತ್ತಿ ನೋಡಿದರೆ ಬೆಳಿಗ್ಗೆಯಿಂದ ತೆರೆದ ಪ್ರೋಗ್ರಾಮುಗಳೆಲ್ಲ ಒಳಗೇ ಇದ್ದವು. "ನೀವು ಪರದೆ ಮ್ಯಾಲಿನ ಕಿಟಕಿ ಅಷ್ಟ ಮುಚ್ಚೀರಿ, ಪ್ರೋಗ್ರಾಮ್ ಇನ್ನೂ ನಡದೈತಿ. ಅದು ಪೂರ್ತಿ ನಿಲ್ಲಾಕ ಕ್ವಿಟ್ ಬ್ಯಾರೆ ಒತ್ತಬೇಕು" ಎಂದು ಒಂದೊಂದನ್ನೇ ನಿಲ್ಲಿಸಿದೆ. ಸೆರಗಿನ ಡಿಸೈನ್ ಥಟ್ಟನೆ ತೆರೆದುಕೊಂಡಿತು.

"ಮಷೀನ್ ಕೆಟ್ಟೇ ಇಲ್ರೀ" ಎಂದೆ ಗಟ್ಟಿಯಾಗಿ. "ಇದನ್ನ ಈಕಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟ."

ಸಂಗಪ್ಪನವರು ಕೆಮ್ಮಿದರು. "ಹಂಗಾದ್ರ ಛಲೋ ಆತು. ಈಕೀನ ಇರ್ಲಿ. ನಾ ಹೊಂಟೆ" ಎಂದವರು ಹೋಗದೆ, ಆಕೆಯ ಬೆನ್ನ ಹಿಂದೆಯೇ ನಿಂತು ಸೆರಗಿನ ಬಣ್ಣ ಹೇಳತೊಡಗಿದರು. ಮತ್ತೊಮ್ಮೆ "ಹೊಂಟೆ" ಎಂದರು, ಮತ್ತೆ ನಿಂತರು.

ಕಸ್ತೂರಿ ನನ್ನ ಕಡೆ ಬಾಗಿ ಪಿಸುಗುಟ್ಟಿದಳು: "ಸರ್, ಇವ್ರಿಗೆ ಕ್ವಿಟ್ ಎಲ್ಲಿ ಒತ್ತಬೇಕ್ರೀ?"

ಆ ಮಾಡೆಲ್ಲಿನ ರಿಪೇರಿ ನಮಗೆ ಟ್ರೇನಿಂಗಿನಲ್ಲಿ ಕಲಿಸಿರಲಿಲ್ಲ.