ಏಳನೆಯ ಗೋಲಿ

ಗೇರುಬಾಕ್ಸ್ ರಿಪೇರಿಯಲ್ಲಿ ಅವನದು ಇಪ್ಪತ್ತೆರಡು ವರ್ಷ ಪಳಗಿದ ಕೈ. ಬೀದಿಯವರೆಲ್ಲ 'ಗೇರ್ ಡಾಕ್ಟ್ರು' ಎಂದು ಕರೆದೂ ಕರೆದೂ ಅವನನ್ನು ಅಟ್ಟಕ್ಕೇರಿಸಿದ್ದರು. 'ತಪ್ಪಾಯ್ತು' ಎಂಬ ಮಾತನ್ನು ಮಾತ್ರ ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಆಟೋಮ್ಯಾಟಿಕ್ ಕಾರಿನ ವಾಲ್ವ್ ಬಾಡಿಯನ್ನು, ಅಂದರೆ ಯಾವ ಗೇರಿಗೆ ಯಾವಾಗ ಎಣ್ಣೆ ಹರಿಯಬೇಕೆಂದು ತೀರ್ಮಾನಿಸುವ, ಒಳಗೆಲ್ಲ ಕಾಲುವೆ ಕೊರೆದ ಅಲ್ಯೂಮಿನಿಯಂ ಭಾಗವನ್ನು, ಅವನು ಗ್ಯಾರೇಜಿನ ಧೂಳಿನಲ್ಲಿ ಬಿಚ್ಚುತ್ತಿರಲಿಲ್ಲ. ಮನೆಗೆ ತಂದು ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೂರುತ್ತಿದ್ದ. ಅಂಥ ದಿನ ಹೆಂಡತಿಗೆ ಅಡುಗೆಮನೆಯ ಕಟ್ಟೆಯೇ ಊಟದ ಮೇಜು.

ಆ ಶನಿವಾರ ಜೋಡಿಸುವಾಗ ನೋಡಿದರೆ ಅದರೊಳಗಿನ ಉಕ್ಕಿನ ಗೋಲಿ ಆರೇ ಇದ್ದವು. ಏಳಿರಬೇಕು. ಬಟಾಣಿಗಿಂತ ಚಿಕ್ಕವು, ಆದರೆ ಒಂದು ತಪ್ಪಿದರೂ ಗೇರು ಕೆಡುತ್ತದೆ.

"ಮೇಜು ಮುಟ್ಬೇಡ ಅಂತ ಎಷ್ಟ್ ಸಲ ಬಡ್ಕೊಳ್ಳೋದು? ಗುಡಿಸಿ ಗುಂಡಾಂತರ ಮಾಡಿಟ್ಟೆ!"

"ನಾನು ಮೇಜಿನ ಹತ್ರಾನೇ ಬಂದಿಲ್ಲ ಕಣ್ರೀ."

"ಮತ್ತೆ ಅದಕ್ಕೇನು ಕಾಲು ಬಂತಾ?"

ಆಮೇಲೆ ಎರಡು ದಿನ ಮಾತಿಲ್ಲ, ಕತೆಯಿಲ್ಲ.

ಸೋಮವಾರ ಬೆಳಿಗ್ಗೆ ವಾಲ್ವ್ ಬಾಡಿಯ ಕೆಳಭಾಗವನ್ನು ಬೆಳಕಿಗೆ ಹಿಡಿದು ನೋಡಿದ. ಗೋಲಿ ತನ್ನ ಗೂಡಿನಲ್ಲೇ ಕೂತಿತ್ತು, ವ್ಯಾಸಲೀನ್ ಮೆತ್ತಿಕೊಂಡು. ಉರುಳದಿರಲೆಂದು ಹಾಗೆ ಮೆತ್ತಿ ಕೂರಿಸುವುದು ಅವನದೇ ಪದ್ಧತಿ. ಶನಿವಾರ ಫೋನ್ ಬಂತೆಂದು ಎದ್ದುಹೋಗುವ ಮುಂಚೆ ಒಂದನ್ನು ಕೂರಿಸಿ ಮರೆತಿದ್ದ.

ಆಗಲೇ ಹೇಳಬೇಕಿತ್ತು. ಅವಳು ಹಿತ್ತಲಲ್ಲಿ ಕಸದ ಡಬ್ಬ ಸುರಿದುಕೊಂಡು ಗೋಲಿ ಹುಡುಕುತ್ತ ಕೂತಿದ್ದಳು. ಥೂ, ಎಂಥ ಮನುಷ್ಯ ನಾನು ಎಂದುಕೊಂಡ. ಎಂದುಕೊಂಡೂ ನಿಜ ಹೇಳಲಿಲ್ಲ.

ಮಧ್ಯಾಹ್ನ ಅವಳು ಬಂದು ಮೇಜಿನ ಮೇಲೆ ಗೋಲಿಯೊಂದನ್ನು ಇಟ್ಟಳು.

"ಸಿಕ್ತು ನೋಡಿ. ಕಸದಲ್ಲೇ ಇತ್ತು. ತಪ್ಪು ನಂದೇ, ಕೋಪ ಬಿಡಿ."

ಥಳಥಳ ಹೊಸದು, ಅಳತೆಯೂ ಬೇರೆ. ಸೈಕಲ್ ಅಂಗಡಿಯದು. ಮಾಡದ ತಪ್ಪನ್ನು ಅವಳು ಅಂಗಡಿಯಿಂದ ಕೊಂಡು ತಂದಿದ್ದಳು. ನಾಚಿಕೆಯಿಂದ ಅವನಿಗೆ ನೆಲ ಬಾಯಿಬಿಡಬಾರದೇ ಅನಿಸಿತು.

"ಅದು ಕಳೆದೇ ಇರ್ಲಿಲ್ಲ ಕಣೇ. ನಾನೇ ಕೂರಿಸಿ ಮರ್ತಿದ್ದೆ. ತಪ್ಪಾಯ್ತು."

ಅವಳು ತಾನು ತಂದ ಗೋಲಿಯನ್ನು ಮೇಜಿನಿಂದ ಎತ್ತಿಕೊಂಡಳು. "ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ."

"ಬೆಳಿಗ್ಗೆ ನಾನು ಕಸದೊಳಗೆ ಕೈಯಿಟ್ಕೊಂಡು ಕೂತಿದ್ದೆ. ನೀವು ಬಾಗ್ಲಲ್ಲಿ ನಿಂತು 'ಸಿಕ್ತಾ?' ಅಂತ ಕೇಳಿದ್ರಿ."