ಹುಬ್ಬಿನ ಮೇಲಿನ ಗುರುತು

ಬ್ಲೇಡಿನಿಂದ ಸೂಜಿಯಷ್ಟು ಚೂಪಾಗಿ ಹೆರೆದ ಒಂದು ಪೆನ್ಸಿಲ್ ಸದಾ ನನ್ನ ಮೇಜಿನ ಮೇಲಿರುತ್ತಿತ್ತು. ಫೋಟೋ ತೆಗೆಯುವವನಿಗೆ ಪೆನ್ಸಿಲ್ ಏಕೆ ಎನ್ನುತ್ತೀರಾ? ಎಂಬತ್ತರ ದಶಕದಲ್ಲಿ ಬಂಗಾರಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ನನ್ನ ಜಾಣ್ಮೆಯೆಲ್ಲ ಇದ್ದದ್ದು ಅದರ ಮೊನೆಯಲ್ಲೇ. ನೆಗೆಟಿವ್ ಮೇಲೆ ಅದನ್ನು ನವಿರಾಗಿ ಆಡಿಸಿದರೆ ಸಾಕು, ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಬಿಸಿಲುಂಡ ಹಣೆಯ ಗೆರೆ ಎಲ್ಲವೂ ಮಾಯ. ಬೇತಮಂಗಲದ ಬಸ್ಸಿಳಿದು ಬಂದ ರೈತ, ಅರ್ಧ ತಾಲ್ಲೂಕೇ ತೊಟ್ಟುಬಿಟ್ಟಿದ್ದ ನನ್ನ ಸ್ಟುಡಿಯೋದ ಒಂದೇ ಕೋಟು ತೊಟ್ಟು, ಪೌಡರ್ ಬಳಿದುಕೊಂಡು, ಉಸಿರು ಬಿಗಿಹಿಡಿದು ಕೂತರೆ, ಚಿತ್ರದಲ್ಲಿ ತಹಸೀಲ್ದಾರನಾಗಿರುತ್ತಿದ್ದ. ಜನ ಮೆಚ್ಚುತ್ತಿದ್ದರು, ನಾನು ಉಬ್ಬುತ್ತಿದ್ದೆ. ಕಲೆ ಅಳಿಸುವುದೇ ಕಲೆ ಎಂದು ನಂಬಿದ್ದೆ.

ನಂದಿದುರ್ಗ ಚಿನ್ನದ ಗಣಿಯ ಕೆಲಸಗಾರ ಮುನಿಯಪ್ಪನವರನ್ನು ಒಂದು ಭಾನುವಾರ ಅವರ ಹೆಂಡತಿ ಯಲ್ಲಮ್ಮ ಒತ್ತಾಯದಿಂದ ಕರೆತಂದರು. ಮಗಳು ತುಂಬು ಬಸುರಿ. ಮುನಿಯಪ್ಪನವರಿಗೋ ಎದೆಯಲ್ಲಿ ಗಣಿಯ ದೂಳು ಕೂತು ಮಾತಿಗೊಮ್ಮೆ ಕೆಮ್ಮು.

“ಉಟ್ಟೋ ಮಗೀಗೆ ತಾತನ ಮೊಕ ತೋರ್ಸ್‌ಬೇಕಲ್ಲ ಸ್ವಾಮಿ, ಮನೇಲಿ ಒಂದೂ ಪಟ ಇಲ್ಲ” ಎಂದರು ಯಲ್ಲಮ್ಮ, ನಗುತ್ತಲೇ.

ಎರಡು ಕೆಮ್ಮಿನ ನಡುವೆ ಹೇಗೋ ಒಂದು ಚಿತ್ರ ತೆಗೆದೆ. ಎಡಹುಬ್ಬಿನ ಮೇಲೆ ಕಿರುಬೆರಳುದ್ದದ ನೀಲಿ ಗುರುತಿತ್ತು. ಸಿಡಿದ ಕಲ್ಲು ಬಡಿದ ಗಾಯದೊಳಗೆ ದೂಳು ಉಳಿದು, ಮೇಲೆ ಚರ್ಮ ಮುಚ್ಚಿಕೊಂಡಿತ್ತು. ಪಾಪ, ಮೊಮ್ಮಗು ನೋಡುವ ಚಿತ್ರವಲ್ಲವೇ ಎಂದುಕೊಂಡು ಅಕ್ಕರೆಯಿಂದ ಕೂತು ಅದನ್ನು ಪೂರ್ತಿ ಅಳಿಸಿದೆ.

ಚಿತ್ರ ಒಯ್ಯಲು ಬಂದದ್ದು ತಿಂಗಳ ಮೇಲೆ, ಯಲ್ಲಮ್ಮ ಒಬ್ಬರೇ. ಮುನಿಯಪ್ಪನವರು ಆಸ್ಪತ್ರೆ ಸೇರಿದವರು ಮರಳಿ ಬರಲಿಲ್ಲವಂತೆ. ಆಕೆ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಬ್ಯಾರೆ ಯಾರ್ದೋ ಕೊಟ್ಟಿದ್ದೀರ. ಇವ್ರು ನಮ್ಮೋರಲ್ಲ.”

“ಅವರೇ ಕಣಮ್ಮ. ಹುಬ್ಬಿನ ಮೇಲಿದ್ದ ಗುರುತು ತೆಗೆದಿದ್ದೀನಿ, ಅಷ್ಟೆ.”

“ಗುರ್ತು ತೆಗ್ದ್‌ಬುಟ್ರೆ ಗುರ್ತು ಸಿಕ್ಕೋದೆಂಗೆ ಸ್ವಾಮಿ? ಬಂಡೆ ಸಿಡ್ದ ದಿನ ಅವ್ರು ಜೀವಂತ ಮೇಲಕ್ಕೆ ಬಂದ ಗುರ್ತು ಅದು. ಅದ್ನ ಮುಟ್ಟಿ ನೋಡ್ದೆ ಒಂದಿನಾನೂ ನಾನು ಅವ್ರನ್ನ ಪಾಳಿಗೆ ಕಳ್ಸಿಲ್ಲ.”

ನನಗೆ ನಾಚಿಕೆಯಾಯಿತು. ಆ ಮನೆಗೆ ಉಳಿದಿದ್ದ ಒಂದೇ ಮುಖವನ್ನು ನಾನು ಚಂದ ಮಾಡುವ ಭರದಲ್ಲಿ ಬೇರೆ ಯಾರದೋ ಮಾಡಿಟ್ಟಿದ್ದೆ. ಇಷ್ಟು ವರ್ಷಗಳಲ್ಲಿ ಇನ್ನೆಷ್ಟು ಜನರ ಗುರುತು ಕೆಡಿಸಿರಬಹುದು ಎಂದು ನೆನೆದರೆ, ಗೆಳೆಯರೇ, ಈಗಲೂ ಕಸಿವಿಸಿಯಾಗುತ್ತದೆ. ಮುಖವೆಂದರೆ ಬರಿಯ ಚರ್ಮವಲ್ಲ, ಅದನ್ನು ದಿನವೂ ನೋಡುತ್ತ ಬಾಳಿದವರ ಸೊತ್ತೂ ಹೌದು.

ಪುಣ್ಯಕ್ಕೆ ಪೆನ್ಸಿಲಿನ ಗೀರು ಶಾಶ್ವತವಲ್ಲ. ಆಕೆಯನ್ನು ಬೆಂಚಿನ ಮೇಲೆ ಕೂರಿಸಿ, ಟರ್ಪೆಂಟೈನ್‌ನಲ್ಲಿ ಅದ್ದಿದ ಹತ್ತಿಯಿಂದ ನೆಗೆಟಿವ್ ಒರೆಸಿ, ಹೊಸದಾಗಿ ಪ್ರಿಂಟ್ ಹಾಕಿದೆ. ಕತ್ತಲೆ ಕೋಣೆಯ ತಟ್ಟೆಯಲ್ಲಿ ಮುಖ ನಿಧಾನವಾಗಿ ಮೂಡಿತು; ಹುಬ್ಬಿನ ಮೇಲೆ ಆ ಗೆರೆಯೂ ಬಂತು. ನಾನು ತೆಗೆದ ಒಳ್ಳೆಯ ಭಾವಚಿತ್ರ ಯಾವುದೆಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ.

ಇನ್ನೂ ಪೂರ್ತಿ ಆರದ ಚಿತ್ರವನ್ನು ಯಲ್ಲಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. ಹೆಬ್ಬೆರಳಿನಿಂದ ಹುಬ್ಬಿನ ಗುರುತನ್ನು ಒಮ್ಮೆ ಮೆಲ್ಲಗೆ ಮುಟ್ಟಿದರು. ನನ್ನ ಕಡೆ ನೋಡಲೂ ಇಲ್ಲ, ಚಿತ್ರದಲ್ಲಿದ್ದವರಿಗೇ ಹೇಳಿದರು:

“ಬನ್ನಿ, ಓಗಾನ. ಮಾರಿಕುಪ್ಪಂ ಟ್ರೈನ್‌ಗೆ ಒತ್ತಾಯ್ತು. ಮೊಮ್ಮಗ್ಳು ಕಾಯ್ತಾವ್ಳೆ.”